95 ದೊಡ್ಡದೋ, 110 ದೊಡ್ಡದೋ? ಬ್ರೌಸರಿಗಾಗಿ ಎಲ್ಮ್ ಭಾಷೆಯಲ್ಲಿ ಬರೆಯುವ ಬಗೆ



ಗಣಕ ಭಾಷೆಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ಒಂದು ವಿಷಯವನ್ನು ಈ ಪುಟಗಳಲ್ಲಿ ಪೂರ್ತಿಗೊಳಿಸುತ್ತಿದ್ದೇನೆ. ಅದಕ್ಕೆ ಮುನ್ನ ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲಾ ಮಕ್ಕಳಿಗಾಗಿ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನಿರ್ಮಿಸುತ್ತಿದ್ದೆ. ತೀರ್ಪುಗಾರರು ಅಂಕಗಳನ್ನು ಕಾಗದದ ಮೇಲೆ ಕೂಡಿ ಕೊಡುತ್ತಿದ್ದರು. ಸಹಾಯಕರೊಬ್ಬರು ಆ ಮೊತ್ತಗಳನ್ನು ಗಣಕದ ಪರದೆಯಲ್ಲಿದ್ದ ಚೌಕಗಳಲ್ಲಿ ಟೈಪ್ ಮಾಡುತ್ತಿದ್ದರು. ಗುಂಡಿ ಒತ್ತಿದ ಕೂಡಲೇ ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೆ ತಂಡಗಳ ಹೆಸರು ಮೂಡುತ್ತಿತ್ತು. ಅಂಕ ಕಾಣುತ್ತಿರಲಿಲ್ಲ, ಹೆಸರು ಮಾತ್ರ. ಬಿ.ಎಸ್ಸಿ. ಓದಿದವನೆಂಬ ಹುರುಪಿನಲ್ಲಿ ಆ ಪುಟವನ್ನು ನಾನೇ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದಿದ್ದೆ. ಮೂರು ಕಂತುಗಳು ಸುಸೂತ್ರವಾಗಿ ಮುಗಿದವು.

ನಾಲ್ಕನೆಯ ಕಂತಿನಲ್ಲಿ ಒಂದು ತಂಡಕ್ಕೆ 95 ಅಂಕ, ಇನ್ನೊಂದಕ್ಕೆ 110. ಪರದೆಯ ಮೇಲೆ ಮೊದಲು ಬಂದದ್ದು 95 ಪಡೆದ ತಂಡದ ಹೆಸರು. ನಿರೂಪಕರು ಅದನ್ನೇ ಘೋಷಿಸಿದರು, ಕಪ್ಪು ಆ ಮಕ್ಕಳ ಕೈಗೆ ಹೋಯಿತು, ಚಪ್ಪಾಳೆಯೂ ಆಯಿತು. ಆಗ ಇನ್ನೊಂದು ತಂಡದ ಹುಡುಗಿಯೊಬ್ಬಳು ಅಂಗೈ ತೋರಿಸುತ್ತ ಎದ್ದು ನಿಂತಳು. ಸುತ್ತು ಸುತ್ತಿನ ಅಂಕವನ್ನೂ ಆಕೆ ಪೆನ್ನಿನಲ್ಲಿ ಅಲ್ಲಿ ಬರೆದುಕೊಂಡಿದ್ದಳು. "ಸರ್, ನಮ್ದು ನೂರಾಹತ್ತು ಅಲ್ವಾ?"

ಬಹುಮಾನದ ದೃಶ್ಯವನ್ನು ಮತ್ತೊಮ್ಮೆ ಚಿತ್ರೀಕರಿಸಿದೆವು. ಮನೆಯಲ್ಲಿ ಕುಳಿತು ನೋಡಿದವರಿಗೆ ಏನೂ ತಿಳಿಯಲಿಲ್ಲ. ಆದರೆ ಕೈಗೆ ಬಂದ ಕಪ್ಪನ್ನು ಹಿಂದಿರುಗಿಸಿದ ಆ ಮಕ್ಕಳ ಮುಖ ನನಗೆ ಇಂದಿಗೂ ನೆನಪಿದೆ.

ತಪ್ಪು ಎಲ್ಲಿತ್ತು?

ಬ್ರೌಸರಿನ ಚೌಕದಲ್ಲಿ ನಾವು ಏನನ್ನೇ ಟೈಪ್ ಮಾಡಲಿ, ಅದು ಕ್ರಮವಿಧಿಯ ಕೈಗೆ ಸಾಮಾನ್ಯವಾಗಿ ಅಕ್ಷರಗಳ ಸಾಲಾಗಿಯೇ ಬರುತ್ತದೆ. ನಮ್ಮ ಕಣ್ಣಿಗೆ 110 ಒಂದು ಸಂಖ್ಯೆ. ಗಣಕಕ್ಕೆ ಅದು '1', '1', '0' ಎಂಬ ಮೂರು ಅಕ್ಷರಗಳು. ಎರಡು ಅಕ್ಷರ ಸಾಲುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಜಾವಾಸ್ಕ್ರಿಪ್ಟ್ ನಿಘಂಟಿನ ಕ್ರಮವನ್ನು ಅನುಸರಿಸುತ್ತದೆ. ಮೊದಲ ಅಕ್ಷರಗಳನ್ನು ಹೋಲಿಸುತ್ತದೆ. '9' ಎಂಬುದು '1' ಆದ ಮೇಲೆ ಬರುವುದರಿಂದ 95 ದೊಡ್ಡದಾಯಿತು!

ಹಾಗಾದರೆ ಮೊದಲ ಮೂರು ಕಂತುಗಳು ಹೇಗೆ ಸರಿಯಾದವು? ಆ ಕಂತುಗಳಲ್ಲಿ ಎಲ್ಲ ತಂಡಗಳ ಮೊತ್ತವೂ ಎರಡಂಕಿಯದಾಗಿತ್ತು. ಅಂಕಿಗಳ ಸಂಖ್ಯೆ ಸಮನಾಗಿದ್ದಾಗ ನಿಘಂಟಿನ ಕ್ರಮವೂ ಗಣಿತದ ಕ್ರಮವೂ ಒಂದೇ. ನೂರನ್ನು ದಾಟಿದ ಮೊದಲ ತಂಡಕ್ಕೆ ನನ್ನ ತಪ್ಪಿನ ಬಿಸಿ ತಟ್ಟಿತು. ಜಾವಾಸ್ಕ್ರಿಪ್ಟ್ ನನಗೆ ಎಚ್ಚರಿಕೆ ಕೊಡಲಿಲ್ಲ, ಏಕೆಂದರೆ ಅದರ ನಿಯಮದ ಪ್ರಕಾರ ನಾನು ಕೇಳಿದ್ದು ತಪ್ಪು ಪ್ರಶ್ನೆಯೇ ಆಗಿರಲಿಲ್ಲ.

ಇಂಥ ತಪ್ಪನ್ನು ಸ್ಟುಡಿಯೋಗೆ ಬರುವ ಮುನ್ನವೇ, ಬರೆಯುವ ಮೇಜಿನ ಮೇಲೆಯೇ ಹಿಡಿಯಲು ಸಾಧ್ಯವೇ? ಸಾಧ್ಯ. ಅದಕ್ಕೊಂದು ದಾರಿ, ಬೇರೊಂದು ಭಾಷೆಯಲ್ಲಿ ಬರೆದು, ಅದನ್ನು ಜಾವಾಸ್ಕ್ರಿಪ್ಟಿಗೆ ಪರಿವರ್ತಿಸುವುದು.

ಬ್ರೌಸರಿಗೆ ತಿಳಿದ ಭಾಷೆ

1995ರ ಮೇ ತಿಂಗಳಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟಿನ ಮೊದಲ ಮಾದರಿಯನ್ನು ಕೇವಲ ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. 1997ರಲ್ಲಿ ಅದಕ್ಕೆ ಎಕ್ಮಾಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಅಧಿಕೃತ ಮಾನದಂಡ ಬಂದಿತು. ಅಂದಿನಿಂದ ಎಲ್ಲ ಪ್ರಮುಖ ಬ್ರೌಸರುಗಳೂ ಅರಿತ ಭಾಷೆ ಅದೇ. 2017ರಲ್ಲಿ ವೆಬ್‌ಅಸೆಂಬ್ಲಿ ಎಂಬ ಇನ್ನೊಂದು ರೂಪವೂ ಪ್ರಮುಖ ಬ್ರೌಸರುಗಳಿಗೆ ಬಂದಿತು. ಆದರೂ ಪುಟದ ಗುಂಡಿ, ಚೌಕ, ಅಕ್ಷರಗಳನ್ನು ಮುಟ್ಟುವ ಕೆಲಸ ಬಹುಮಟ್ಟಿಗೆ ಜಾವಾಸ್ಕ್ರಿಪ್ಟಿನ ಮೂಲಕವೇ ನಡೆಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಐಕ್ ಅವರನ್ನು ನೆಟ್‌ಸ್ಕೇಪ್ ಕರೆತಂದಾಗ ಇದ್ದ ಯೋಜನೆ ಸ್ಕೀಮ್ ಎಂಬ ಭಾಷೆಯನ್ನು ಬ್ರೌಸರಿನೊಳಗೆ ತರುವುದಾಗಿತ್ತು. ಸ್ಕೀಮ್ ಎಂಬುದು 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಭಾಷೆಯ ವಂಶಕ್ಕೆ ಸೇರಿದ್ದು. ಯೋಜನೆ ಬದಲಾಯಿತು, ಆದರೆ ಆ ವಂಶದ ಒಂದು ಗುಣ ಉಳಿದುಕೊಂಡಿತು. ಜಾವಾಸ್ಕ್ರಿಪ್ಟಿನಲ್ಲಿ ಒಂದು ಫಂಕ್ಷನ್ನನ್ನು ಸಂಖ್ಯೆಯಂತೆಯೇ ಇನ್ನೊಂದು ಫಂಕ್ಷನ್ನಿಗೆ ಕೊಡಬಹುದು, ಅಲ್ಲಿಂದ ಪಡೆಯಬಹುದು. ಈ ಗುಣವಿರುವುದರಿಂದಲೇ ಫಂಕ್ಷನಲ್ ಭಾಷೆಗಳನ್ನು ಜಾವಾಸ್ಕ್ರಿಪ್ಟಿಗೆ ಪರಿವರ್ತಿಸುವುದು ಅಷ್ಟು ಕಷ್ಟವಲ್ಲ.

ಫಂಕ್ಷನಲ್ ಭಾಷೆ ಎಂದರೇನು?

ಗಣಿತದ ತರಗತಿಯನ್ನು ನೆನಪಿಸಿಕೊಳ್ಳಿ. ಎಕ್ಸ್‌ನ ವರ್ಗ ಎಂಬ ಫಂಕ್ಷನ್ನಿಗೆ 5 ಕೊಟ್ಟರೆ 25 ಬರುತ್ತದೆ. ಬೆಳಿಗ್ಗೆ ಕೊಟ್ಟರೂ 25, ಸಂಜೆ ಕೊಟ್ಟರೂ 25. ಫಂಕ್ಷನಲ್ ಭಾಷೆಯಲ್ಲಿ ಕ್ರಮವಿಧಿಯನ್ನು ಇಂಥ ಫಂಕ್ಷನ್ನುಗಳಿಂದಲೇ ಕಟ್ಟುತ್ತೇವೆ. ಒಮ್ಮೆ ಹೆಸರಿಟ್ಟ ಬೆಲೆ ಬದಲಾಗುವುದಿಲ್ಲ. ಹೊಸ ಬೆಲೆ ಬೇಕಾದರೆ ಹಳೆಯದನ್ನು ಅಳಿಸದೆ ಹೊಸದನ್ನು ಸೃಷ್ಟಿಸುತ್ತೇವೆ. ಈ ವಿಚಾರದ ಬೇರು 1930ರ ದಶಕದಲ್ಲಿ ಅಲಾಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿದೆ.

ಈ ಕುಟುಂಬದಲ್ಲಿ ಹಲವು ಭಾಷೆಗಳಿವೆ. ಮೊದಲ ಹೆಜ್ಜೆಗಾಗಿ ನಾನು ಆರಿಸಿಕೊಂಡದ್ದು ಎಲ್ಮ್. ಇದನ್ನು 2012ರಲ್ಲಿ ಎವಾನ್ ಚಾಪ್ಲಿಕಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮ ಪದವಿಯ ಪ್ರಬಂಧಕ್ಕಾಗಿ ರೂಪಿಸಿದರು. ಇದರ ಕಂಪೈಲರನ್ನು ಬರೆದಿರುವುದು ಹ್ಯಾಸ್ಕೆಲ್ ಎಂಬ ಇನ್ನೊಂದು ಫಂಕ್ಷನಲ್ ಭಾಷೆಯಲ್ಲಿ. ಎಲ್ಮ್‌ನ ಗುರಿ ಒಂದೇ: ಬ್ರೌಸರಿನಲ್ಲಿ ನಡೆಯುವ ಪುಟಗಳು. ಆದ್ದರಿಂದ ಕಲಿಯುವವರಿಗೆ ಗೊಂದಲ ಕಡಿಮೆ.

ಕಂಪೈಲರ್ ಮಾಡುವ ಕೆಲಸ

ಕಂಪೈಲರ್ ಎಂದರೆ ಒಂದು ಭಾಷೆಯ ಬರಹವನ್ನು ಓದಿ ಇನ್ನೊಂದು ಭಾಷೆಯಲ್ಲಿ ಬರೆದುಕೊಡುವ ಕ್ರಮವಿಧಿ. ಎಲ್ಮ್ ಕಂಪೈಲರ್ ನಿಮ್ಮ ಕಡತವನ್ನು ಪದಪದವಾಗಿ ಓದಿ, ವ್ಯಾಕರಣ ಪಾಠದಲ್ಲಿ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯೆ ಎಂದು ಬಿಡಿಸುವಂತೆ ಬಿಡಿಸಿಕೊಳ್ಳುತ್ತದೆ. ಬಳಸಿದ ಪ್ರತಿಯೊಂದು ಹೆಸರೂ ಎಲ್ಲಿಂದ ಬಂದಿತೆಂದು ಹುಡುಕುತ್ತದೆ. ಆಮೇಲೆ ಬರುವುದು ಮುಖ್ಯ ಹಂತ: ಪ್ರತಿಯೊಂದು ಬೆಲೆಯೂ ಯಾವ ಜಾತಿಯದು, ಪೂರ್ಣಾಂಕವೋ, ಅಕ್ಷರ ಸಾಲೋ, ಪಟ್ಟಿಯೋ ಎಂದು ನಿರ್ಧರಿಸುವುದು. ಇದನ್ನು 'ಟೈಪ್' ತಪಾಸಣೆ ಎನ್ನುತ್ತಾರೆ. ನೀವು ಟೈಪನ್ನು ಬರೆಯದಿದ್ದರೂ ಸುತ್ತಲಿನ ಬಳಕೆಯಿಂದ ಅದು ಊಹಿಸಬಲ್ಲದು. ರೋಜರ್ ಹಿಂಡ್ಲಿ 1969ರಲ್ಲಿ, ರಾಬಿನ್ ಮಿಲ್ನರ್ 1978ರಲ್ಲಿ ಪ್ರಕಟಿಸಿದ ವಿಧಾನಗಳು ಇದಕ್ಕೆ ಆಧಾರ.

ನನ್ನ ಅಂಕಪಟ್ಟಿಯನ್ನೇ ತೆಗೆದುಕೊಳ್ಳೋಣ. ತಂಡ ಎಂದರೆ ಒಂದು ಹೆಸರು ಮತ್ತು ಒಂದು ಅಂಕ. ಹೆಸರು ಅಕ್ಷರ ಸಾಲು, ಅಂಕ ಪೂರ್ಣಾಂಕ ಎಂದು ಎಲ್ಮ್‌ನಲ್ಲಿ ಮೊದಲೇ ಘೋಷಿಸುತ್ತೇನೆ. ಈಗ ಚೌಕದಿಂದ ಬಂದ ಅಕ್ಷರ ಸಾಲನ್ನು ಅಂಕದ ಜಾಗದಲ್ಲಿ ಇಡಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ. ಯಾವ ಸಾಲಿನಲ್ಲಿ ತಪ್ಪಿದೆ, ಏನು ಬೇಕಿತ್ತು, ಏನು ಬಂದಿದೆ ಎಂದು ತಿಳಿಸಿ ಅಲ್ಲಿಗೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಕಡತ ಹುಟ್ಟುವುದೇ ಇಲ್ಲ.

ಅಕ್ಷರ ಸಾಲನ್ನು ಸಂಖ್ಯೆಯಾಗಿಸಲು ಎಲ್ಮ್‌ನಲ್ಲಿ 'ಟು ಇಂಟ್' ಎಂಬ ಫಂಕ್ಷನ್ ಇದೆ. ಅದು ನೇರವಾಗಿ ಸಂಖ್ಯೆಯನ್ನು ಕೊಡುವುದಿಲ್ಲ. 'ಜಸ್ಟ್ 110' ಎನ್ನುತ್ತದೆ, ಅಥವಾ 'ನಥಿಂಗ್', ಅಂದರೆ ಇದು ಸಂಖ್ಯೆಯಲ್ಲ ಎನ್ನುತ್ತದೆ. ಆತುರದಲ್ಲಿ ಸಹಾಯಕರು ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಒತ್ತಿದರೆ ಏನು ಮಾಡಬೇಕು ಎಂಬುದನ್ನೂ ನಾನು ಬರೆಯಲೇಬೇಕು. ಎರಡರಲ್ಲಿ ಒಂದನ್ನು ಮರೆತರೆ ಕಂಪೈಲರ್ ಮತ್ತೆ ತಡೆಯುತ್ತದೆ.

ಜಾವಾಸ್ಕ್ರಿಪ್ಟಿನಲ್ಲಿ ಏನಾಗುತ್ತದೆ?

ತಪಾಸಣೆ ಮುಗಿದ ಮೇಲೆ ಟೈಪುಗಳಿಗೆ ಕೆಲಸವಿಲ್ಲ. ಮನೆ ಕಟ್ಟುವಾಗ ಕಟ್ಟಿದ ಸಾರುವೆಯನ್ನು ಮನೆ ಮುಗಿದ ಮೇಲೆ ಬಿಚ್ಚುವಂತೆ, ಕಂಪೈಲರ್ ಅವನ್ನು ತೆಗೆದುಹಾಕಿ ಉಳಿದದ್ದನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆಯುತ್ತದೆ. ಒಂದೊಂದಾಗಿ ನೋಡೋಣ.

ಹೆಸರು ಮತ್ತು ಅಂಕ ಸೇರಿದ 'ತಂಡ' ಸಾಮಾನ್ಯ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಆಗುತ್ತದೆ. ಅಂಕವನ್ನು 95ರಿಂದ 100ಕ್ಕೆ ಏರಿಸಿ ಎಂದರೆ ಹಳೆಯ ಆಬ್ಜೆಕ್ಟನ್ನು ತಿದ್ದುವುದಿಲ್ಲ. ಅದರ ನಕಲು ಮಾಡಿ, ನಕಲಿನಲ್ಲಿ ಮಾತ್ರ ಅಂಕ ಬದಲಿಸುತ್ತದೆ. ಹಳೆಯದನ್ನು ಬೇರೆ ಯಾರಾದರೂ ನೋಡುತ್ತಿದ್ದರೆ ಅವರಿಗೆ ತೊಂದರೆಯಿಲ್ಲ.

ಎಲ್ಮ್‌ನ ಪಟ್ಟಿ ಹೂಮಾಲೆಯಂತೆ. ಪ್ರತಿಯೊಂದು ಹೂವೂ ಮುಂದಿನ ಹೂವನ್ನು ಹಿಡಿದಿರುತ್ತದೆ. ಜಾವಾಸ್ಕ್ರಿಪ್ಟಿನಲ್ಲೂ ಅದು ಒಂದಕ್ಕೊಂದು ಕೊಂಡಿಯಾದ ಆಬ್ಜೆಕ್ಟುಗಳ ಸರಪಳಿಯಾಗಿಯೇ ನಿಲ್ಲುತ್ತದೆ.

ಎಲ್ಮ್‌ನಲ್ಲಿ 'ಫಾರ್', 'ವೈಲ್' ಎಂಬ ಸುತ್ತುಗಳಿಲ್ಲ. ಒಂದು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವ ಮೂಲಕ ಕೆಲಸವನ್ನು ಪುನರಾವರ್ತಿಸುತ್ತದೆ. ಇದರಲ್ಲೊಂದು ಅಪಾಯವಿದೆ. ಪ್ರತಿಯೊಂದು ಕರೆಗೂ ಬ್ರೌಸರ್ ಸ್ವಲ್ಪ ಸ್ಮೃತಿಯನ್ನು ತೆಗೆದಿಡುತ್ತದೆ. ಸಾವಿರಾರು ಕರೆಗಳು ಒಂದರ ಮೇಲೊಂದು ಬಿದ್ದರೆ ಜಾಗ ತುಂಬಿ ಪುಟ ಕುಸಿಯಬಹುದು. ಆದರೆ ತನ್ನನ್ನೇ ಕರೆಯುವುದು ಫಂಕ್ಷನ್ನಿನ ಕೊನೆಯ ಕೆಲಸವಾಗಿದ್ದರೆ, ಎಲ್ಮ್ ಕಂಪೈಲರ್ ಅದನ್ನು ಗುರುತಿಸಿ ಜಾವಾಸ್ಕ್ರಿಪ್ಟಿನ 'ವೈಲ್' ಸುತ್ತಾಗಿ ಮಾರ್ಪಡಿಸುತ್ತದೆ. ಬರೆದದ್ದು ಗಣಿತದ ರೀತಿ, ಓಡುವುದು ಯಂತ್ರದ ರೀತಿ.

ಕೆಲವು ಮಿತಿಗಳೂ ದಾಟಿ ಬರುತ್ತವೆ. ಎಲ್ಮ್‌ನ ಪೂರ್ಣಾಂಕವೂ ಕೊನೆಗೆ ಜಾವಾಸ್ಕ್ರಿಪ್ಟಿನ ಸಂಖ್ಯೆಯೇ. 9,007,199,254,740,991 ದಾಟಿದ ಮೇಲೆ ಪೂರ್ಣಾಂಕಗಳ ನಿಖರತೆಯನ್ನು ಅದು ಖಾತರಿಯಾಗಿ ಕಾಪಾಡಲಾರದು. ರಸಪ್ರಶ್ನೆಗೆ ಇದು ಬೇಕಾದಷ್ಟಾಯಿತು. ದೊಡ್ಡ ಲೆಕ್ಕಗಳಿಗೆ ಎಚ್ಚರ ಬೇಕು.

ಕೈ ಹಚ್ಚುವುದು ಹೇಗೆ?

ಒಂದು ಸೂಚನೆ: ಈ ಪುಟದಲ್ಲಿ ಆದೇಶಗಳನ್ನೂ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಮುದ್ರಿಸಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಪರದೆಯ ಮೇಲೆ ತೋರಿಸುವ ಮಾತುಗಳು, ಅಂದರೆ ಉದ್ಧರಣ ಚಿಹ್ನೆಗಳ ನಡುವೆ ಬರುವಂಥವು, ಕನ್ನಡದಲ್ಲೇ ಇರಬಹುದು.

ಸ್ವಂತ ಗಣಕವಿಲ್ಲದವರು ಎಲ್ಮ್‌ನ ಅಧಿಕೃತ ಜಾಲತಾಣದಲ್ಲಿರುವ ಬರವಣಿಗೆಯ ಪುಟವನ್ನು ತೆರೆದರೆ ಸಾಕು. ಒಂದು ಬದಿಯಲ್ಲಿ ಬರೆಯುವುದು, ಇನ್ನೊಂದು ಬದಿಯಲ್ಲಿ ಫಲಿತಾಂಶ ನೋಡುವುದು. ಏನನ್ನೂ ಸ್ಥಾಪಿಸಬೇಕಿಲ್ಲ.

ಗಣಕವಿದ್ದವರು ಅದೇ ತಾಣದಿಂದ ಎಲ್ಮ್ ಕಂಪೈಲರನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ನಾನು ಇಲ್ಲಿ ಹೇಳುತ್ತಿರುವುದು 2019ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 0.19.1 ಆವೃತ್ತಿಯ ಬಗ್ಗೆ. ಹಂತಗಳು ಹೀಗಿವೆ:

1. ಹೊಸ ಫೋಲ್ಡರ್ ಮಾಡಿ, ಟರ್ಮಿನಲ್‌ನಲ್ಲಿ ಅದರೊಳಗೆ ಹೋಗಿ 'ಎಲ್ಮ್ ಇನಿಟ್' ಎಂಬ ಆದೇಶ ಕೊಡಿ. ಒಪ್ಪಿಗೆ ಕೇಳಿದಾಗ ಹೌದೆನ್ನಿ. ಯೋಜನೆಯ ವಿವರವುಳ್ಳ ಒಂದು ಕಡತವೂ 'ಎಸ್‌ಆರ್‌ಸಿ' ಎಂಬ ಖಾಲಿ ಫೋಲ್ಡರೂ ಹುಟ್ಟುತ್ತವೆ. ಈ ಹಂತಕ್ಕೆ ಅಂತರ್ಜಾಲ ಸಂಪರ್ಕ ಬೇಕು.

2. ಆ ಫೋಲ್ಡರಿನೊಳಗೆ 'ಮೇನ್' ಎಂಬ ಹೆಸರಿನ, ಕೊನೆಯಲ್ಲಿ ಚುಕ್ಕಿ ಮತ್ತು ಎಲ್ಮ್ ಎಂದಿರುವ ಕಡತ ಬರೆಯಿರಿ.

3. 'ಎಲ್ಮ್ ಮೇಕ್' ಎಂದು ಟೈಪ್ ಮಾಡಿ, ಮುಂದೆ ಕಡತದ ದಾರಿಯನ್ನು ಕೊಡಿ. ತಪ್ಪಿಲ್ಲದಿದ್ದರೆ 'ಇಂಡೆಕ್ಸ್' ಎಂಬ ಎಚ್‌ಟಿಎಂಎಲ್ ಪುಟ ಸಿದ್ಧವಾಗುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ನಿಮ್ಮ ಎಲ್ಮ್ ಬರಹ ಜಾವಾಸ್ಕ್ರಿಪ್ಟಾಗಿ ಅದರೊಳಗೇ ಕುಳಿತಿರುತ್ತದೆ.

ಕಡತದಲ್ಲಿ ಏನು ಬರೆಯಬೇಕು? ಎಲ್ಮ್ ಪುಟಕ್ಕೆ ಮೂರು ಅಂಗಗಳು. ಮೊದಲನೆಯದು ಸ್ಥಿತಿ: ಈಗ ಅಂಕ ಎಷ್ಟು? ಆರಂಭದಲ್ಲಿ 0. ಎರಡನೆಯದು 'ವ್ಯೂ' ಎಂಬ ಫಂಕ್ಷನ್: ಸ್ಥಿತಿಯನ್ನು ಕೊಟ್ಟರೆ ಪುಟ ಹೇಗೆ ಕಾಣಬೇಕೆಂದು ಹೇಳುತ್ತದೆ. ಒಂದು ಅಂಕಿ, ಎರಡು ಗುಂಡಿಗಳು. ಮೂರನೆಯದು 'ಅಪ್‌ಡೇಟ್': ಗುಂಡಿ ಒತ್ತಿದಾಗ ಬರುವ ಸಂದೇಶವನ್ನೂ ಹಳೆಯ ಸ್ಥಿತಿಯನ್ನೂ ಕೊಟ್ಟರೆ ಹೊಸ ಸ್ಥಿತಿಯನ್ನು ಹಿಂದಿರುಗಿಸುತ್ತದೆ. 'ಹೆಚ್ಚಿಸು' ಎಂಬ ಸಂದೇಶ ಬಂದರೆ ಹಳೆಯ ಅಂಕಕ್ಕೆ 5 ಕೂಡಿಸು; 'ಇಳಿಸು' ಎಂದು ಬಂದರೆ 5 ಕಳೆ. ಈ ಮೂರನ್ನೂ 'ಬ್ರೌಸರ್ ಸ್ಯಾಂಡ್‌ಬಾಕ್ಸ್' ಎಂಬ ಸಿದ್ಧ ಫಂಕ್ಷನ್ನಿಗೆ ಒಪ್ಪಿಸಿದರೆ ಮುಗಿಯಿತು. ಗುಂಡಿಯ ಸದ್ದಿಗೆ ಕಿವಿಗೊಡುವುದು, ಪರದೆಯನ್ನು ಬದಲಿಸುವುದು ಮುಂತಾದ ಕೆಲಸವನ್ನು ಎಲ್ಮ್ ಜೊತೆಗೇ ಬರುವ ಜಾವಾಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ.

ಈ ಜೋಡಣೆ ಎಲ್ಮ್‌ನ ಹೊರಗೂ ಪ್ರಭಾವ ಬೀರಿದೆ. 2015ರಲ್ಲಿ ಬಂದ, ಜಾವಾಸ್ಕ್ರಿಪ್ಟಿನವರೇ ಬಳಸುವ ರಿಡಕ್ಸ್ ಎಂಬ ಸಾಧನ ಎಲ್ಮ್‌ನಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿದೆ.

ಮೊದಲ ದಿನ ಕಂಪೈಲರಿನ ತಪ್ಪೊಪ್ಪಿನ ಪಟ್ಟಿ ನೋಡಿ ಎದೆಗುಂದಬೇಡಿ. ಒಮ್ಮೆಗೆ ಒಂದೇ ತಪ್ಪನ್ನು, ಮೇಲಿನಿಂದ ಕೆಳಗೆ, ತಿದ್ದುತ್ತ ಬನ್ನಿ. ಅದು ಬೈಯುತ್ತಿಲ್ಲ, ಸ್ಟುಡಿಯೋದಲ್ಲಿ ಆಗಬೇಕಾದ ಅವಮಾನವನ್ನು ಮನೆಯಲ್ಲೇ ಮುಗಿಸುತ್ತಿದೆ.

ಕಂಪೈಲರ್ ಮಾಡಲಾರದ ಕೆಲಸ

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅಂಕ ಎಂದರೆ ಅಕ್ಷರ ಸಾಲು ಎಂದೇ ನಾನು ಘೋಷಿಸಿದ್ದರೆ? ಎಲ್ಮ್ ಕೂಡ ಅಕ್ಷರ ಸಾಲುಗಳನ್ನು ಹೋಲಿಸಬಲ್ಲದು, ಅದೂ ನಿಘಂಟಿನ ಕ್ರಮದಲ್ಲೇ. ಆಗ ಎಲ್ಮ್‌ನಲ್ಲೂ 95 ಪಡೆದ ತಂಡವೇ ಗೆಲ್ಲುತ್ತಿತ್ತು. ನಮ್ಮ ಮನಸ್ಸಿನಲ್ಲಿ ಏನಿದೆ ಎಂಬುದು ಕಂಪೈಲರಿಗೆ ತಿಳಿಯದು. ನಾವು ಕೊಟ್ಟ ಮಾತಿಗೆ ನಾವು ತಪ್ಪದಂತೆ ಕಾಯುವುದಷ್ಟೇ ಅದರ ಕೆಲಸ. ಆದ್ದರಿಂದ ಮೊದಲ ಅರ್ಧ ಗಂಟೆಯನ್ನು ಟೈಪುಗಳನ್ನು ಯೋಚಿಸಿ ಬರೆಯಲು ಮೀಸಲಿಡಿ: ಯಾವುದು ಸಂಖ್ಯೆ, ಯಾವುದು ಹೆಸರು, ಯಾವುದು ಇಲ್ಲದೆಯೂ ಇರಬಹುದು?

ಎಲ್ಮ್ ನಿಮಗೆ ಹಿಡಿಸಿದರೆ ಮುಂದೆ ಬೇರೆ ದಾರಿಗಳಿವೆ. ಲಿಸ್ಪ್ ವಂಶದ ಕ್ಲೋಜರ್‌ಸ್ಕ್ರಿಪ್ಟ್ 2011ರಲ್ಲಿ ಬಂದಿತು. ಹ್ಯಾಸ್ಕೆಲನ್ನು ಬಹುವಾಗಿ ಹೋಲುವ ಪ್ಯೂರ್‌ಸ್ಕ್ರಿಪ್ಟ್ 2013ರಲ್ಲಿ ಆರಂಭವಾಯಿತು. ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರಾದ ಜಿಎಚ್‌ಸಿಯಲ್ಲೇ ಜಾವಾಸ್ಕ್ರಿಪ್ಟನ್ನು ಹೊರಡಿಸುವ ಸೌಲಭ್ಯ 2023ರ 9.6 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಸೇರಿತು. ಒಂದನ್ನು ಕಲಿತವರಿಗೆ ಇನ್ನೊಂದು ಅಪರಿಚಿತವೆನಿಸದು.

ನೀವೇ ಮಾಡಿ ನೋಡಿ

ಮೊದಲ ಪ್ರಯೋಗ ಜಾವಾಸ್ಕ್ರಿಪ್ಟಿನಲ್ಲಿ. ಬ್ರೌಸರಿನ ಕನ್ಸೋಲ್ ತೆರೆದು, ಉದ್ಧರಣ ಚಿಹ್ನೆಗಳೊಳಗೆ 95 ಮತ್ತು 110 ಬರೆದು ಹೋಲಿಸಿ. ಆಮೇಲೆ ಚಿಹ್ನೆಗಳನ್ನು ತೆಗೆದು ಹೋಲಿಸಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಹ್ನೆಗಳಿಲ್ಲದ 95, 110 ಸಂಖ್ಯೆಗಳ ಪಟ್ಟಿಗೆ 'ಸಾರ್ಟ್' ಆದೇಶ ಕೊಡಿ. ಸಂಖ್ಯೆಗಳೇ ಆಗಿದ್ದರೂ 110 ಮೊದಲು ಬರುವುದನ್ನು ಕಾಣುತ್ತೀರಿ. ಬೇರೆ ಸೂಚನೆ ಇಲ್ಲದಿದ್ದರೆ ಆ ಆದೇಶ ಎಲ್ಲವನ್ನೂ ಅಕ್ಷರ ಸಾಲಾಗಿಸಿಯೇ ವಿಂಗಡಿಸುತ್ತದೆ!

ಎರಡನೆಯದು ಎಲ್ಮ್‌ನಲ್ಲಿ. ಅದೇ ಎರಡು ಪೂರ್ಣಾಂಕಗಳ ಪಟ್ಟಿಯನ್ನು 'ಲಿಸ್ಟ್ ಸಾರ್ಟ್'ಗೆ ಕೊಡಿ. ಕೊನೆಗೆ ಓಡುವುದು ಜಾವಾಸ್ಕ್ರಿಪ್ಟೇ ಆದರೂ ಸಂಖ್ಯೆಗಳನ್ನು ಹೋಲಿಸುವ ತನ್ನ ನಿಯಮವನ್ನು ಎಲ್ಮ್ ಜೊತೆಗೆ ಕಳಿಸುತ್ತದೆ. ಉತ್ತರ ಸರಿಯಾಗಿರುತ್ತದೆ. ಆಮೇಲೆ ಬೇಕೆಂದೇ ಒಂದು ಸಂಖ್ಯೆಯನ್ನು ಉದ್ಧರಣ ಚಿಹ್ನೆಗಳೊಳಗೆ ಹಾಕಿ 'ಎಲ್ಮ್ ಮೇಕ್' ಮಾಡಿ, ಕಂಪೈಲರ್ ಏನು ಹೇಳುತ್ತದೆಂದು ಓದಿ.

ನನ್ನ ಅಂಕಪಟ್ಟಿಯನ್ನು ನಾನು ಎಲ್ಮ್‌ನಲ್ಲಿ ಮತ್ತೆ ಬರೆದೆ. ಈಗ ಪರದೆಯ ಮೇಲೆ ಹೆಸರಿನ ಪಕ್ಕದಲ್ಲಿ ಅಂಕವೂ ಕಾಣುತ್ತದೆ. ತಪ್ಪಾದರೆ ಯಾರಾದರೂ ಕಂಡುಹಿಡಿಯಲಿ ಎಂದು. ಕಂಪೈಲರ್ ಎಷ್ಟೇ ಒಳ್ಳೆಯದಿರಲಿ, ಆ ಹುಡುಗಿಯಂತೆ ಅಂಗೈ ಮೇಲೆ ಒಮ್ಮೆ ಕೂಡಿ ನೋಡುವ ಅಭ್ಯಾಸವನ್ನು ಮಾತ್ರ ನೀವು ಬಿಡಬೇಡಿ.